‘ಮಗುವಿಗೆ ಅರ್ಧ ಡೋಸ್ ಸಾಕು’ ಎಂಬ ಆ ಸಂದೇಶ

ನಾಪೋಕ್ಲು ದೊಡ್ಡಪ್ಪ (ಎಲ್ಲಿಂದಲೋ ಬಂದದ್ದನ್ನು ಹಂಚಿದ್ದು): ಮಕ್ಕಳಿಗೆ ಹಾವು ಕಚ್ಚಿದರೆ ಗಾಬರಿ ಬೇಡ. ಗಾಯದ ಮೇಲ್ಭಾಗಕ್ಕೆ ಹಗ್ಗದಿಂದ ಬಿಗಿಯಾಗಿ ಕಟ್ಟಿ. ಬ್ಲೇಡಿನಿಂದ ಗೀರಿ ವಿಷಕಲ್ಲು ಇಡಿ. ಆಸ್ಪತ್ರೆಯ ಇಂಜೆಕ್ಷನ್ ಎಳೆಯ ದೇಹ ತಡೆಯದು. ಕೊಡಲೇಬೇಕಾದರೆ ಅರ್ಧ ಡೋಸ್ ಕೊಡಲು ಹೇಳಿ. ಎಲ್ಲರಿಗೂ ಕಳುಹಿಸಿ.

ದೊಡ್ಡಪ್ಪ: ಮಳೆ ಶುರುವಾಗಿದೆ. ತೋಟದ ಕಾರ್ಮಿಕರ ಲೈನ್ ಮನೆಯವರ ಗುಂಪಿಗೆ ಹೋದ ವಾರವೇ ಹಾಕಿದ್ದೇನೆ.

ಕುಶಾಲನಗರದ ಭಾವ: ಉಪಯುಕ್ತ ಮಾಹಿತಿ 🙏

ನಾನು: ದೊಡ್ಡಪ್ಪ, ದಯವಿಟ್ಟು ಅದನ್ನು ಎರಡೂ ಕಡೆ ಅಳಿಸಿ. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವಳು ಹೇಳುತ್ತಿದ್ದೇನೆ, ಅದರಂತೆ ನಡೆದರೆ ಮಗುವಿನ ಜೀವಕ್ಕೇ ಕುತ್ತು.

ದೊಡ್ಡಪ್ಪ: ನಿನ್ನ ಅಜ್ಜಿ ಹಾವು ಕಚ್ಚಿದವರಿಗೆ ಮದ್ದು ಕೊಡುತ್ತಿದ್ದರು. ಎಷ್ಟು ಜನ ಬದುಕಿದರು ಎಂಬುದು ಊರಿಗೇ ಗೊತ್ತು. ಓದಿದವರಿಗೆ ನಾಟಿ ಮದ್ದೆಂದರೆ ಅಸಡ್ಡೆ.

ನಾನು: ಅಜ್ಜಿಯ ಬಗ್ಗೆ ಅಸಡ್ಡೆ ಇಲ್ಲ. ನಡುರಾತ್ರಿ ಯಾರು ಬಾಗಿಲು ಬಡಿದರೂ ಎದ್ದು ಹೋಗುತ್ತಿದ್ದರು. ಆದರೆ ಕಚ್ಚುವ ಹಾವುಗಳಲ್ಲಿ ವಿಷವಿಲ್ಲದವೇ ಹೆಚ್ಚು. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಕಲ್ಲಿಟ್ಟರೂ ಬದುಕುತ್ತಾರೆ, ಇಡದಿದ್ದರೂ ಬದುಕುತ್ತಾರೆ. ಕೊಳಕುಮಂಡಲದ ವಿಷ ಮೈಗೇರಿದ ಮಗುವನ್ನು ಯಾವ ಕಲ್ಲೂ ಉಳಿಸುವುದಿಲ್ಲ.

ಪೊನ್ನಂಪೇಟೆ ಅತ್ತಿಗೆ: ಅರ್ಧ ಡೋಸ್ ಎಂಬುದಾದರೂ ಸರಿಯಲ್ಲವೇ? ಜ್ವರದ ಸಿರಪ್ಪನ್ನೂ ತೂಕ ನೋಡಿಯೇ ಕೊಡುತ್ತಾರೆ.

ನಾನು: ಅತ್ತಿಗೆ, ಸಿರಪ್ಪು ಕೆಲಸ ಮಾಡಬೇಕಾದದ್ದು ಮಗುವಿನ ದೇಹದ ಮೇಲೆ. ಪ್ರತಿವಿಷ, ಅಂದರೆ ಆಸ್ಪತ್ರೆಯ ಆ ಇಂಜೆಕ್ಷನ್, ಕೆಲಸ ಮಾಡಬೇಕಾದದ್ದು ಹಾವಿನ ವಿಷದ ಮೇಲೆ. ಮಗುವೆಂದು ಹಾವು ವಿಷ ಕಡಿಮೆ ಬಿಡುವುದಿಲ್ಲ. 60 ಕಿಲೋ ತೂಗುವ ಮೈಯಲ್ಲಿ ಹರಡಬೇಕಾದ ವಿಷ 12 ಕಿಲೋದ ಮಗುವಿನಲ್ಲಿ ಹರಡಿದರೆ ಐದು ಪಟ್ಟು ತೀಕ್ಷ್ಣ. ಆದ್ದರಿಂದ ದೊಡ್ಡವರಿಗೆ ಎಷ್ಟೋ ಮಕ್ಕಳಿಗೂ ಅಷ್ಟೇ. ಸಾಮಾನ್ಯವಾಗಿ ಮೊದಲ ಸುತ್ತಿಗೇ 8ರಿಂದ 10 ಸೀಸೆ. ತೂಕ ನೋಡಿ ಕಡಿಮೆ ಮಾಡುವುದು ಅದನ್ನು ಬೆರೆಸುವ ಸಲೈನನ್ನು ಮಾತ್ರ.

ನಾನು: ತಡವಾದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಕೊಳಕುಮಂಡಲವಾದರೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ಒಸಡಿನಿಂದ, ಸೂಜಿ ಚುಚ್ಚಿದ ಜಾಗದಿಂದ ಒಸರುತ್ತಲೇ ಇರುತ್ತದೆ. ಅಂಥ ಮಗುವನ್ನು ಬ್ಲೇಡಿನಿಂದ ಗೀರಿ ಎನ್ನುತ್ತಾರಲ್ಲ! ಮೂತ್ರ ನಿಲ್ಲುತ್ತದೆ, ಡಯಾಲಿಸಿಸ್ ಬೇಕಾಗುತ್ತದೆ. ಕಟ್ಟುಹಾವಿನದು ಇನ್ನೊಂದು ಬಗೆ. ನೆಲದಲ್ಲಿ ಮಲಗಿದ ಮಗುವನ್ನು ರಾತ್ರಿ ಕಚ್ಚುತ್ತದೆ. ಎಷ್ಟೋ ಸಲ ನೋವಿಲ್ಲ, ಗುರುತೂ ಇಲ್ಲ. ಮಗು ಹೊಟ್ಟೆನೋವೆಂದು ಅಳುತ್ತದೆ. ಆಮೇಲೆ ರೆಪ್ಪೆ ಜೋಲುತ್ತದೆ, ಮನೆಯವರು ನಿದ್ದೆ ಎಂದುಕೊಳ್ಳುತ್ತಾರೆ. ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಅಲುಗಾಡದ ಆ ಮಗುವಿಗೆ ಒಳಗೆ ಎಲ್ಲವೂ ಕೇಳಿಸುತ್ತಿರಬಹುದು. ವೆಂಟಿಲೇಟರಿನಲ್ಲಿ ಕೆಲವು ದಿನ ಉಸಿರು ಕೊಟ್ಟರೆ ಅದೇ ಮಗು ಎದ್ದು ಮನೆಗೆ ನಡೆಯುತ್ತದೆ.

ಭಾವ: ಇಂಜೆಕ್ಷನ್ನಿನಿಂದಲೇ ತೊಂದರೆಯಾದದ್ದನ್ನೂ ಕೇಳಿದ್ದೇನೆ.

ನಾನು: ಆಗುತ್ತದೆ, ಭಾವ. ಅದು ಕುದುರೆಯ ರಕ್ತದಿಂದ ತಯಾರಾಗುವ ಔಷಧಿ. ಮೈ ತುರಿಸಬಹುದು, ರಕ್ತದೊತ್ತಡ ಕುಸಿಯಬಹುದು. ಅದಕ್ಕೇ ಅದನ್ನು ಹತೋಟಿಗೆ ತರುವ ಅಡ್ರಿನಲಿನ್ ಮದ್ದನ್ನು ಪಕ್ಕದಲ್ಲಿಟ್ಟುಕೊಂಡು ಕೊಡುತ್ತಾರೆ. ಕಚ್ಚಿದವರಿಗೆಲ್ಲ ಕೊಡುವುದೂ ಇಲ್ಲ. ವಿಷದ ಲಕ್ಷಣ ನೋಡುತ್ತಾರೆ. ಗಾಜಿನ ಕೊಳವೆಯಲ್ಲಿ ರಕ್ತವನ್ನು 20 ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪುಗಟ್ಟಿತೇ ಎಂದು ಪರೀಕ್ಷಿಸುತ್ತಾರೆ.

ದೊಡ್ಡಪ್ಪ: ನಮ್ಮ ತೋಟದ ಸಣ್ಣ ಮಂಡಲಕ್ಕೆ ಆ ಔಷಧಿ ನಾಟುವುದಿಲ್ಲ ಎಂದು ಡಾಕ್ಟರೊಬ್ಬರೇ ನನಗೆ ಹೇಳಿದ್ದಾರೆ. ಅದಕ್ಕೇನು ಹೇಳುತ್ತೀಯೆ?

ನಾನು: ಅವರು ಹೇಳಿದ್ದು ನಿಜ. ನಮ್ಮ ದೇಶದ ಪ್ರತಿವಿಷ ನಾಲ್ಕು ಹಾವುಗಳಿಗೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕಾಫಿ ಗಿಡದ ಬುಡದ ತರಗೆಲೆಯಲ್ಲಿ ಮಲಗುವ, ಮೂಗಿನ ತುದಿ ಮೇಲಕ್ಕೆ ಚಾಚಿದ ಆ ಸಣ್ಣ ಮಂಡಲ ಅದರಲ್ಲಿಲ್ಲ. ಅದು ಕಚ್ಚಿದರೂ ಮೂತ್ರಪಿಂಡ ಕೆಡಬಹುದು. ಪ್ರತಿವಿಷವೇ ಇಲ್ಲದ ಕಡಿತಕ್ಕೆ ಡಯಾಲಿಸಿಸ್, ರಕ್ತ, ದಿನಗಟ್ಟಲೆ ನಿಗಾ ಎಲ್ಲವೂ ಬೇಕು. ಅವು ಆಸ್ಪತ್ರೆಯಲ್ಲಲ್ಲದೆ ಎಲ್ಲಿ ಸಿಗುತ್ತವೆ?

ಭಾವ: ಒಂದು ಮೆಸೇಜಿಗೆ ಇಷ್ಟು ಚರ್ಚೆಯೇ?

ನಾನು: 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿತಕ್ಕೆ ಬಲಿಯಾದರೆಂದು ಅಂದಾಜು, ಭಾವ. ನಾಲ್ವರಲ್ಲಿ ಒಬ್ಬರು 15 ವರ್ಷದೊಳಗಿನವರು. ಚರ್ಚೆ ಬೇಕು.

ಅತ್ತಿಗೆ: ಹಾಗಾದರೆ ಮನೆಯಲ್ಲಿ ಏನು ಮಾಡಬೇಕು?

ನಾನು: ಕೈಕಾಲಿನ ಬಳೆ, ಗೆಜ್ಜೆ ತೆಗೆಯಿರಿ, ಊತ ಬಂದರೆ ಅವೇ ಬಿಗಿಯುತ್ತವೆ. ಮೂಳೆ ಮುರಿದಾಗ ಮಾಡುವಂತೆ ಕಚ್ಚಿದ ಕೈಗೋ ಕಾಲಿಗೋ ಮರದ ಪಟ್ಟಿ ಇಟ್ಟು ಸಡಿಲವಾಗಿ ಸುತ್ತಿ, ಮಗುವನ್ನು ನಡೆಸದೆ ಎತ್ತಿಕೊಂಡು ಹೊರಡಿ. ಹಗ್ಗ ಬಿಗಿದರೆ ಕಾಲೇ ಕೊಳೆಯಬಹುದು. ಯಾರಾದರೂ ಆಗಲೇ ಬಿಗಿದಿದ್ದರೆ ದಾರಿಯಲ್ಲಿ ತಟ್ಟನೆ ಬಿಚ್ಚಬೇಡಿ, ಡಾಕ್ಟರ ಮುಂದೆಯೇ ಬಿಚ್ಚಲಿ. ಹಾವನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ. ಜೀಪು ಹತ್ತಿರವಿದ್ದರೆ ಅದರಲ್ಲೇ ಹೊರಡಿ. ಪ್ರತಿವಿಷ ಇದೆಯೇ ಎಂದು ಆಸ್ಪತ್ರೆಗೆ ದಾರಿಯಿಂದಲೇ ಫೋನ್ ಮಾಡಿ.

ದೊಡ್ಡಪ್ಪ: ಲೈನ್ ಮನೆಯವರ ಗುಂಪಿನಲ್ಲಿ ಅಳಿಸಲು ಆಗುತ್ತಿಲ್ಲ. ವಾರವಾಯಿತಲ್ಲ.

ಅತ್ತಿಗೆ: ಅಲ್ಲಿ ಓದಲು ಬಾರದವರೇ ಹೆಚ್ಚು. ಅಸ್ಸಾಮಿನವರಿಗೆ ಹಿಂದಿಯಲ್ಲೂ ಬೇಕು.

ನಾನು: ಹಿಂದಿಯಲ್ಲಿ ನಾನು ಧ್ವನಿ ಸಂದೇಶ ಮಾಡಿ ಕಳುಹಿಸುತ್ತೇನೆ. ಕನ್ನಡದಲ್ಲಿ ನೀವೇ ಹೇಳಿ, ದೊಡ್ಡಪ್ಪ. ಅವರು ಕೇಳುವುದು ನಿಮ್ಮ ಮಾತನ್ನೇ.

ದೊಡ್ಡಪ್ಪ: ಅಮ್ಮನ ಮದ್ದಿನ ಮೇಲಿನ ನಂಬಿಕೆಯನ್ನು ನಾನು ಬಿಟ್ಟಿಲ್ಲ. ಆದರೆ ಕಟ್ಟಬೇಡಿ, ಗೀರಬೇಡಿ, ಮೊದಲು ಜೀಪು ಹೊರಡಲಿ ಎಂದು ಇವತ್ತೇ ಹೇಳುತ್ತೇನೆ.