ಸಂಧಿವಾತ ಇರುವವರು ಹಸೆ ಚಿತ್ತಾರ ಬರೆಯೋದು ಹೇಗೆ?

ಪ್ರಶ್ನೆ (ಸಾಗರ):
ರುಮಟಾಯ್ಡ್ ಸಂಧಿವಾತ, ಬೆರಳಿನ ಗೆಣ್ಣು ಊದಿಕೊಳ್ಳುತ್ತೆ. ಹಸೆ ಚಿತ್ತಾರಕ್ಕೆ (ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಎಳೆ ಬರೆಯೋ ನಮ್ಮ ಮಲೆನಾಡಿನ ಕಲೆ) ಕೂತರೆ ಮನಸ್ಸು ಹಗುರ, ಆದರೆ ಹತ್ತೇ ನಿಮಿಷಕ್ಕೆ ಕೈ ಸೋಲುತ್ತೆ. ಮಳೆಗಾಲದಲ್ಲಿ ಹಾಳೆಗೆ ಬೂಷ್ಟು ಬೇರೆ. ಏನು ಮಾಡಬಹುದು?

ಉತ್ತರ (ತೀರ್ಥಹಳ್ಳಿ):
ಕುಂಚದ ಹಿಡಿ ಸಣ್ಣದಿದ್ದಷ್ಟೂ ಬಿಗಿಯಾಗಿ ಹಿಡೀಬೇಕಾಗುತ್ತೆ, ನೋವು ಹೆಚ್ಚೋದು ಅದರಿಂದಲೇ. ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಹೆಬ್ಬೆರಳಿನಷ್ಟು ದಪ್ಪ ಮಾಡಿಕೊಳ್ಳಿ. ಉದ್ದದ ಎಳೆಗಳನ್ನು ಬೆರಳಿಂದ ಎಳೀಬೇಡಿ, ಭುಜದಿಂದ ಇಡೀ ತೋಳು ಸರಿಯಲಿ. ಬೆಳಿಗ್ಗೆ ಎದ್ದ ಕೂಡಲೇ ಬೇಡ, ಬಿಗಿತ ಬಿಟ್ಟ ಮೇಲೆ ಕೂರಿ. 8 ನಿಮಿಷಕ್ಕೆ ಅಲಾರಂ ಇಟ್ಟು, ನೋವು ಬರೋ ಮುಂಚೆಯೇ ನಿಲ್ಲಿಸಿ. ಗೆಣ್ಣು ಬಿಸಿಯಾಗಿ ಕೆಂಪಾದ ದಿನ ಕುಂಚ ಮುಟ್ಟಲೇಬೇಡಿ.

ಉತ್ತರ (ಸೊರಬ):
ಬೂಷ್ಟು ಹಿಡಿಯೋದು ಅಕ್ಕಿ ಹಿಟ್ಟಿಗೆ. ರಾತ್ರಿ ನೆನೆಸಿ ನುಣ್ಣಗೆ ರುಬ್ಬಿದ್ದು ಅವತ್ತೇ ಮುಗೀಬೇಕು, ಎರಡು ಚಮಚ ಅಕ್ಕಿ ಧಾರಾಳ ಸಾಕು. ದಪ್ಪ ಬಳಿದರೆ ಒಣಗಿ ಬಿರುಕು ಬಿಟ್ಟು ಉದುರುತ್ತೆ. ಗಟ್ಟಿ ಮಜ್ಜಿಗೆಯ ಹದ ಇರಲಿ. ಕೆಮ್ಮಣ್ಣು ಪೂರಾ ಒಣಗದೆ ಎಳೆ ಇಟ್ಟರೆ ಬಿಳಿ ಹರಡಿ ಗುಲಾಬಿಯಾಗಿಬಿಡುತ್ತೆ. ಆಷಾಢದ ಜಡಿಮಳೆಯಲ್ಲಂತೂ ಅದು ಒಣಗೋಕೆ ಒಂದು ದಿನವೂ ಸಾಲದು. ಆ ದಿನಗಳಿಗೆ ಅಕ್ರಿಲಿಕ್ ಬಿಳಿ ಬಳಸಿ, ತಪ್ಪೇನಿಲ್ಲ. ಪುಂಡಿ ನಾರಿನ ಕುಂಚ ಮಾತ್ರ ಬಿಡಬೇಡಿ, ಆ ಎಳೆಯ ಚಂದವೇ ಬೇರೆ.

ಉತ್ತರ (ಶಿವಮೊಗ್ಗ):
ಈ ಸಂಧಿವಾತಕ್ಕೆ ಕೊಡೋ ಮೆಥೋಟ್ರೆಕ್ಸೇಟ್ ಮಾತ್ರೆ ತಗೊಳ್ಳುವವರಿಗೆ ಸೋಂಕು ಬೇಗ ತಗಲಬಹುದು. ಬೂಷ್ಟು ಹಿಡಿದ ಹಾಳೆಯನ್ನು ಒರೆಸಿ ಉಳಿಸಿಕೊಳ್ಳೋಕೆ ಹೋಗಬೇಡಿ, ಎಸೆದುಬಿಡಿ. ಚಿತ್ತಾರದಿಂದ ಹಾಯೆನಿಸಿತು ಅಂತ ಮಾತ್ರೆ ತಪ್ಪಿಸಲೂ ಬೇಡಿ.