ಪದಚರ್ಚೆ: ‘ಅವಿಭಾಜ್ಯ’ ಸರಿಯೇ? (ಫಲಕಕ್ಕೆ, ಇಂದು ಸಂಜೆಯೊಳಗೆ ಬೇಕು)

ಶಾಲೆಯೊಂದರ ಗಣಿತ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ಮುದ್ರಕರು ಐದು ಗಂಟೆಗೆ ಕೇಳಿದ್ದಾರೆ. 2ರ 13,62,79,841ನೆಯ ಘಾತದಿಂದ 1 ಕಳೆದರೆ ಬರುವ, 2024ರ ಅಕ್ಟೋಬರಿನಲ್ಲಿ ಪತ್ತೆಯಾದ ಸಂಖ್ಯೆಯ ಬಗ್ಗೆ. ಕರಡು: ‘ಜಗತ್ತಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ, ಇದರಲ್ಲಿ 4,10,24,320 ಸಂಖ್ಯೆಗಳಿವೆ.’ ನನ್ನ ಅನುಮಾನ ‘ಅವಿಭಾಜ್ಯ’ದ ಮೇಲೆ. ಏಳನ್ನು ಎರಡರಿಂದ ಭಾಗಿಸಿದರೆ ಮೂರೂವರೆ ಬರುತ್ತದಲ್ಲ ಎಂದು ಮಗುವೊಂದು ಕೇಳಿದರೆ?

> ನನ್ನ ಅನುಮಾನ ‘ಅವಿಭಾಜ್ಯ’ದ ಮೇಲೆ

ಅನುಮಾನ ಬೇಡ, ಪಠ್ಯಪುಸ್ತಕದಲ್ಲಿರುವುದು ಅದೇ. ಇಲ್ಲಿ ಭಾಗವೆಂದರೆ ಶೇಷ ಉಳಿಯದ ಭಾಗ; 1 ಮತ್ತು ತನ್ನನ್ನು ಬಿಟ್ಟು ಬೇರಾವ ಪೂರ್ಣ ಸಂಖ್ಯೆಯಿಂದಲೂ ಹಾಗೆ ಭಾಗವಾಗದ, 1ಕ್ಕಿಂತ ದೊಡ್ಡ ಸಂಖ್ಯೆಯೇ ಅವಿಭಾಜ್ಯ. ತಪ್ಪಿರುವುದು ಬೇರೆ ಕಡೆ. ಸಂಖ್ಯೆಯೊಳಗೆ ಇರುವುದು ಅಂಕಿಗಳು, ಸಂಖ್ಯೆಗಳಲ್ಲ. ‘ಅತಿ ದೊಡ್ಡ’ ಎಂಬುದಂತೂ ಸುಳ್ಳು. ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂದು ಯೂಕ್ಲಿಡ್ ಎಂದೋ ಸಾಧಿಸಿದ್ದಾನೆ. ‘ಈವರೆಗೆ ತಿಳಿದಿರುವ’ ಎಂದು ಸೇರಿಸಿ.

> ಪಠ್ಯಪುಸ್ತಕದಲ್ಲಿರುವುದು ಅದೇ

ಪಠ್ಯಪುಸ್ತಕವೇನು ವೇದವೇ? ತಮಿಳರು ‘ಪಗಾ ಎಣ್’ ಎನ್ನುತ್ತಾರೆ. ಎಣ್ ಎಂದರೆ ಸಂಖ್ಯೆ. ಪಗು ಎಂದರೆ ಸೀಳು, ಪಗಾ ಎಂದರೆ ಸೀಳಲಾಗದ್ದು. ನಮ್ಮ ಹಳಗನ್ನಡದ ‘ಪಗಲ್’ (ಇಂದಿನ ‘ಹಗಲು’) ಅದೇ ಬೇರಿನದು: ಇರುಳಿನಿಂದ ಸೀಳಿ ತೆಗೆದ ಹೊತ್ತು. ಹಾಗೆಯೇ ‘ಪ’ವನ್ನು ‘ಹ’ ಮಾಡಿ ‘ಹಗದ ಎಣಿ’ ಎಂದು ಬರೆಯಿರಿ.

> ಹಗದ ಎಣಿ

ಮಕ್ಕಳು ‘ಹಗ್ಗದ ಏಣಿ’ ಎಂದು ಓದುತ್ತಾರೆ. ಮುಂದಿನದು?

ತೆಲುಗಿನಲ್ಲಿ ‘ಪ್ರಧಾನ ಸಂಖ್ಯ’, ಮರಾಠಿಯಲ್ಲಿ ‘ಮೂಳ ಸಂಖ್ಯಾ’. ಗ್ರೀಕರಿಗೂ ಇದು ‘ಮೊದಲ’ ಸಂಖ್ಯೆಯೇ. ಒಡೆಯುವುದಿಲ್ಲ ಎನ್ನುವುದಕ್ಕಿಂತ, ಒಂದಕ್ಕಿಂತ ದೊಡ್ಡ ಉಳಿದೆಲ್ಲ ಪೂರ್ಣ ಸಂಖ್ಯೆಗಳು ಇವುಗಳ ಗುಣಲಬ್ಧ ಎನ್ನುವುದು ದೊಡ್ಡ ಮಾತಲ್ಲವೇ? ನನ್ನ ಮತ ‘ಮೂಲಸಂಖ್ಯೆ’ಗೆ. ಇನ್ನೊಂದು ಮಾತು: ಫಲಕದಲ್ಲಿ ಬರೇ ‘ಮರ್ಸೆನ್ ಸಂಖ್ಯೆ’ (2ರ ಯಾವುದಾದರೂ ಘಾತದಿಂದ 1 ಕಳೆದದ್ದು) ಎಂದು ಬರೆದು ಕೈತೊಳೆದುಕೊಳ್ಳಬೇಡಿ; ಅಂಥವೆಲ್ಲ ಅವಿಭಾಜ್ಯವಲ್ಲ. 11 ಅವಿಭಾಜ್ಯ, ಆದರೆ 2ರ 11ನೆಯ ಘಾತದಿಂದ 1 ಕಳೆದರೆ 2047, ಅದು 23 × 89. ಮರ್ಸೆನ್ ಪಾದ್ರಿಯೇ 1644ರಲ್ಲಿ, ಅವಿಭಾಜ್ಯ ಕೊಡುವ ಘಾತಗಳ ತನ್ನ ಪಟ್ಟಿಗೆ 67ನ್ನು ಸೇರಿಸಿ ಎಡವಿದ. 1903ರಲ್ಲಿ ಅಮೆರಿಕದ ಗಣಿತಜ್ಞ ಕೋಲ್ ಆ ಘಾತದಿಂದ ಬರುವ ಸಂಖ್ಯೆಯನ್ನು 193707721 × 761838257287 ಎಂದು ಒಡೆದು ತೋರಿಸಿದ.

> ನನ್ನ ಮತ ‘ಮೂಲಸಂಖ್ಯೆ’ಗೆ

ಮತ್ತೆ ಸಂಸ್ಕೃತದ ಸಾಲ! ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದ. ಅವನಿಗಿದ್ದ ಧೈರ್ಯ ನಮಗಿಲ್ಲ.

> ಅವನಿಗಿದ್ದ ಧೈರ್ಯ

ಅವನ ಗ್ರಂಥದ ಹೆಸರು ‘ವ್ಯವಹಾರಗಣಿತ’. ಅದರಲ್ಲಿ ಅಚ್ಚಗನ್ನಡದ ಪದ ಯಾವುದು, ತೋರಿಸಿ.

> ತೋರಿಸಿ

ಹೆಸರು ಹಿಡಿದು ಜಗ್ಗುವುದು ವಾದವಲ್ಲ. ‘ಹಗಲು’ ಕುರಿತು ಯಾರೂ ಇನ್ನೂ ಉತ್ತರ ಕೊಟ್ಟಿಲ್ಲ.

> ಯಾರೂ ಇನ್ನೂ ಉತ್ತರ ಕೊಟ್ಟಿಲ್ಲ

ಫಲಕ ಅಚ್ಚಿಗೆ ಹೋಯಿತು: ‘ಈವರೆಗೆ ತಿಳಿದಿರುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ. 4,10,24,320 ಅಂಕಿಗಳು. 0, 1 ಮಾತ್ರ ಬಳಸುವ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಬರೀ ಒಂದುಗಳ ಸಾಲು, 13,62,79,841 ಒಂದುಗಳು.’ ಮುದ್ರಕರು ಅಲ್ಪವಿರಾಮಗಳನ್ನು ಎರಡು ಸಲ ಎಣಿಸಿದರು. ಏಣಿಯ ವಿಷಯ ಅವರಿಗೆ ಹೇಳಲಿಲ್ಲ.