ಡ್ಯೂಟಿ ಬದಲಾಗುವಾಗ ಬೆಡ್ ನಂಬರ್ ನೆಚ್ಚಿಕೊಳ್ಳಬೇಡಿ

ರಾತ್ರಿ ಡ್ಯೂಟಿಯವರಿಂದ ವಾರ್ಡ್ ವಹಿಸಿಕೊಳ್ಳುವಾಗ ರೋಗಿಗಳು ಅದಲುಬದಲಾಗದ ಹಾಗೆ ನೀವೆಲ್ಲ ಏನು ಮಾಡುತ್ತೀರಿ ಅಂತ ಮಂಡ್ಯದ ಹೊಸ ಸ್ಟಾಫ್ ನರ್ಸ್ ಒಬ್ಬರು ಕೇಳಿದ್ದಾರೆ. ಸಿಸ್ಟರ್, ಮೈಸೂರಿನಲ್ಲಿ ನಾವು ಮಾಡುವುದನ್ನು ಹೇಳುತ್ತೇನೆ.

ನರ್ಸಿಂಗ್ ಸ್ಟೇಷನ್ ಹತ್ತಿರ ನಿಂತೇ ಹ್ಯಾಂಡೋವರ್ ಮುಗಿಸಬೇಡಿ. ಕೇಸ್ ಶೀಟ್ ಹಿಡಿದು ಇಬ್ಬರೂ ಬೆಡ್ ಹತ್ತಿರ ಹೋಗಿ. "ಎಂಟನೇ ಬೆಡ್, ಶುಗರ್ ಪೇಷಂಟ್" ಅನ್ನುವುದು ಗುರುತೇ ಅಲ್ಲ. ಫ್ಯಾನ್ ಗಾಳಿ ಬರಲ್ಲ ಅಂತ ರೋಗಿಗಳೇ ಬೆಡ್ ಬದಲಾಯಿಸಿಕೊಂಡಿರುತ್ತಾರೆ. ಕನಿಷ್ಠ 2 ಗುರುತು ನೋಡಬೇಕು, ರೂಮ್ ನಂಬರ್ ಅದರಲ್ಲಿ ಸೇರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ.

ನಮ್ಮ ಕಡೆ ಹೆಸರಿನದೇ ದೊಡ್ಡ ತಾಪತ್ರಯ. ಒಂದೇ ವಾರ್ಡಿನಲ್ಲಿ ಇಬ್ಬರು ಮಹದೇವಮ್ಮ ಇರುತ್ತಾರೆ, ವಯಸ್ಸೂ ಹೆಚ್ಚುಕಡಿಮೆ ಒಂದೇ. ಹುಟ್ಟಿದ ತಾರೀಖು ನೋಡೋಣ ಅಂದರೆ ಹಳ್ಳಿಯ ಎಷ್ಟೋ ಹಿರಿಯರ ಆಧಾರ್‌ನಲ್ಲಿ ಜನವರಿ 1 ಅಂತಲೇ ಇರುತ್ತದೆ. ಹಾಗಾಗಿ ಹೆಸರಿನ ಜೊತೆ ಕೈಪಟ್ಟಿಯ ಯುಎಚ್‌ಐಡಿ ನಂಬರನ್ನು (ಆಸ್ಪತ್ರೆಯವರು ಒಬ್ಬೊಬ್ಬ ರೋಗಿಗೂ ಬೇರೆಬೇರೆಯಾಗಿ ಕೊಡುವ ನಂಬರ್) ಪೂರ್ತಿ ಓದಿ, ಕೇಸ್ ಶೀಟಿಗೆ ತಾಳೆ ನೋಡಿ. ಒಂದೇ ಹೆಸರಿನವರಿದ್ದರೆ ಇಬ್ಬರ ಕೇಸ್ ಶೀಟ್ ಮೇಲೂ ದೊಡ್ಡದಾಗಿ ಬರೆಯಿರಿ, ಹ್ಯಾಂಡೋವರ್‌ನಲ್ಲಿ ಬಾಯಿಬಿಟ್ಟೂ ಹೇಳಿ.

ಕೇಳುವ ರೀತಿಯೂ ಮುಖ್ಯ. "ನೀವು ಮಹದೇವಮ್ಮ ಅಲ್ವಾ?" ಅಂದರೆ ಕಿವಿ ಮಂದವಾದ ಅಜ್ಜಿ ಸುಮ್ನೆ "ಹೂಂ ಕಣವ್ವ" ಅಂದುಬಿಡುತ್ತಾರೆ. "ನಿಮ್ಮ ಹೆಸರು ಹೇಳಿ ಅಜ್ಜಿ, ಯಾವೂರು?" ಅಂತ ಕೇಳಿ. ಕೆಲವರು ಆಗ ಮನೆಯಲ್ಲಿ ಕರೆಯುವ ಹೆಸರು ಹೇಳುತ್ತಾರೆ. ಪಟ್ಟಿಯಲ್ಲಿ ಮಹದೇವಮ್ಮ, ಬಾಯಲ್ಲಿ ಪುಟ್ಟಮ್ಮ! ಜೊತೆಗಿರುವ ಮಗಳನ್ನೋ ಸೊಸೆಯನ್ನೋ ಕೇಳಿ, ನಂಬರ್ ನೋಡಿ ಖಾತ್ರಿ ಮಾಡಿಕೊಳ್ಳಿ. ಇದಕ್ಕೆ ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಮಂಡ್ಯದಲ್ಲೇ ಕೆಲಸ ಮಾಡುವ ನನ್ನ ಗೆಳತಿ ಕೈಪಟ್ಟಿಯ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಡ್ರಿಪ್ ಹಾಕಿದ ಕೈ ಊದಿಕೊಂಡರೆ ಪಟ್ಟಿ ಕತ್ತರಿಸಲೇಬೇಕಾಗುತ್ತದೆ. ಕತ್ತರಿಸಿದ್ದನ್ನು ಡ್ರಿಪ್ ಸ್ಟ್ಯಾಂಡಿಗೆ ಕಟ್ಟಿದರೆ ಅವಳು ಒಪ್ಪುವುದಿಲ್ಲ. ಇನ್ನೊಂದು ಕೈಗೆ ಹೊಸ ಪಟ್ಟಿ ಹಾಕದೆ ವಾರ್ಡ್ ವಹಿಸಿಕೊಳ್ಳುವುದೂ ಇಲ್ಲ. ಅದು ಸರಿ ಅಂತಲೇ ನನ್ನ ಅಭಿಪ್ರಾಯ.

ರಕ್ತ ಕೊಡುವುದಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಡ್ಯೂಟಿ ಬದಲಾಗುವ ಹೊತ್ತಿಗೇ ಬ್ಯಾಗ್ ಬಂತು ಅನ್ನಿ. ಫ್ರಿಡ್ಜಿನಿಂದ ತೆಗೆದ 30 ನಿಮಿಷದೊಳಗೆ ಶುರು ಮಾಡಬೇಕು ಅನ್ನುವ ಅವಸರ ಇರುತ್ತದೆ. ಆದರೂ ಹೋಗುವವರು, ಬಂದವರು ಇಬ್ಬರೂ ರೋಗಿಯ ಪಕ್ಕ ನಿಂತು ಹೆಸರು, ಯುಎಚ್‌ಐಡಿ, ಗುಂಪು, ಬ್ಯಾಗ್ ನಂಬರ್, ಎಕ್ಸ್‌ಪೈರಿ ಗಟ್ಟಿಯಾಗಿ ಓದಿ, ಇಬ್ಬರೂ ಸಹಿ ಹಾಕಿ. ಆಮೇಲೆ ಮನೆಗೆ ಹೊರಡಿ.